ಗುರುಗಳಿಲ್ಲದ ಊರಿನಲ್ಲಿ ಧರ್ಮಸಭೆ

ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭಸಂದರ್ಭದಲ್ಲಿ ಗೋಡೆ, ಗೋಪುರ, ಗಂಟೆಗಳನ್ನು ನೆನೆಯುವುದು ಸಹಜವೇ. ಆದರೆ ದೂರ ದೂರ ಚದುರಿದ ಮನೆಗಳು ಒಂದು ಸಭೆಯಾಗುವ ಬಗೆ ಯಾವುದು? ಇದಕ್ಕೆ ಉತ್ತರವನ್ನು ಸಂತ ಜೋಸೆಫ್ ವಾಜರ ಜೀವನದಲ್ಲಿ ಕಾಣಬಹುದು.

1651ರಲ್ಲಿ ಗೋವೆಯ ಬೆನಾವ್ಲಿಯಲ್ಲಿ ಜನಿಸಿದ ವಾಜರು 1681ರಿಂದ 1684ರವರೆಗೆ ನಮ್ಮ ಕೆನರಾ ಸೀಮೆಯಲ್ಲಿ ಸೇವೆಗೈದರು. ಧರ್ಮಾಧಿಕಾರ ಯಾರದೆಂಬ ವಿವಾದದಿಂದ ಆಗ ಇಲ್ಲಿಯ ಕ್ರೈಸ್ತರ ಮನಸ್ಸು ಒಡೆದಿತ್ತು. ವಾಜರು ಮಂಗಳೂರು, ಬಸ್ರೂರು, ಗಂಗೊಳ್ಳಿಗಳ ಜನರ ನಡುವೆ ಸಂಚರಿಸಿ ಸಂಸ್ಕಾರಗಳನ್ನು ನೀಡಿದರು, ಉಪದೇಶ ಮಾಡಿದರು.

ಇದಕ್ಕಿಂತ ಕಠಿಣವಾದ ಕ್ಷೇತ್ರ ಅವರಿಗಾಗಿ ಕಾದಿತ್ತು. 1658ರಲ್ಲಿ ಯಾಳ್ಪಾಣ, ಅಂದರೆ ಜಾಫ್ನಾ, ಡಚ್ಚರ ವಶವಾದ ಮೇಲೆ ಶ್ರೀಲಂಕೆಯ ಡಚ್ ಸೀಮೆಯಲ್ಲಿ ಕಥೋಲಿಕ ಗುರುಗಳಿಗೆ ಪ್ರವೇಶವಿರಲಿಲ್ಲ. ಸುಮಾರು ಮೂವತ್ತು ವರ್ಷ ಅಲ್ಲಿಯ ವಿಶ್ವಾಸಿಗಳು ಕುರುಬನಿಲ್ಲದ ಕುರಿಗಳಂತಿದ್ದರು. 1687ರಲ್ಲಿ ವಾಜರು ಕೂಲಿಯವನ ವೇಷದಲ್ಲಿ ಆ ದ್ವೀಪವನ್ನು ಸೇರಿದರು. ರೋಗದಿಂದ ನರಳಿದರೂ ಹಿಂದಿರುಗಲಿಲ್ಲ. ರಾತ್ರಿಯ ಹೊತ್ತು ಮನೆಗಳಲ್ಲಿ ಗುಟ್ಟಾಗಿ ಪೂಜೆಯನ್ನರ್ಪಿಸಿದರು. 1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂಬ ಸಂಶಯದಿಂದ ಸೆರೆವಾಸವನ್ನೂ ಅನುಭವಿಸಿದರು.

ಒಬ್ಬ ಗುರು ಎಷ್ಟು ಊರುಗಳನ್ನು ನಡೆದು ಮುಟ್ಟಿಯಾನು? 1696ರ ನಂತರ ಗೋವೆಯಿಂದ ಸಹಗುರುಗಳು ಬರತೊಡಗಿದರಾದರೂ ಹಳ್ಳಿಗಳು ಅನೇಕವಾಗಿದ್ದವು. ಆದುದರಿಂದ ಈ ಸೇವಾಕ್ಷೇತ್ರದಲ್ಲಿ ಊರವರಿಂದಲೇ ಹೊಣೆಗಾರರನ್ನು ನಿಯಮಿಸಲಾಯಿತು. ‘ಮೂಪ್ಪ’ರೆಂಬ ಹಿರಿಯರು ಪ್ರಾರ್ಥನಾಲಯವನ್ನು ನೋಡಿಕೊಂಡರು, ‘ಅಣ್ಣಾವಿ’ಗಳು ಜಪಗಳನ್ನು ನಡೆಸಿ ಮಕ್ಕಳಿಗೆ ಧರ್ಮೋಪದೇಶ ಕಲಿಸಿದರು. ಗುರುಗಳು ಬಂದಾಗ ಸಂಸ್ಕಾರಗಳು. ಅವರು ಹೋದ ಮೇಲೆಯೂ ನಿಲ್ಲದ ಪ್ರಾರ್ಥನೆ. 1711ರ ಜನವರಿ 16ರಂದು ವಾಜರು ಕ್ಯಾಂಡಿಯಲ್ಲಿ ದೈವಾಧೀನರಾದರೂ ಸಭೆ ಚದುರಲಿಲ್ಲ. 2015ರಲ್ಲಿ ಜಗದ್ಗುರು ಫ್ರಾನ್ಸಿಸರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಪ್ರಿಯ ಕ್ರೈಸ್ತ ಬಂಧುಗಳೇ, ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ವಾರ್ಡಿನ ಗುರಿಕಾರರು ಇಂದಿಗೂ ಇಂತಹ ಹೊಣೆಯನ್ನೇ ಹೊತ್ತಿದ್ದಾರೆ. ನಮ್ಮ ಮನೆಗಳೂ ಗುಡ್ಡ-ತೋಟಗಳ ನಡುವೆ ಹರಡಿವೆ. ಮಕ್ಕಳು ಬೆಂಗಳೂರು, ಮುಂಬಯಿ, ಕೊಲ್ಲಿ ರಾಷ್ಟ್ರಗಳಲ್ಲಿದ್ದಾರೆ. ಇಂದು ರಸ್ತೆಯುಂಟು, ವಾಹನವುಂಟು. ಆದರೂ ನೆರೆಮನೆಯ ರೋಗಿಯ ಸುದ್ದಿ ಗುರುಗಳಿಂದಲೇ ನಮಗೆ ತಿಳಿಯುವಂತಾದರೆ ನಾವು ನಿಜವಾಗಿ ದೂರವಾದೆವು. ಸಂಜೆಯ ಜಪಸರ ನಿಂತ ಮನೆಯಲ್ಲಿ ಅದು ಮರಳಿ ಕೇಳಿಬರಲಿ. ಗುರಿಕಾರರಾಗಲು ಕರೆ ಬಂದಾಗ ‘ಬೇರೆಯವರಿಗೆ ಹೇಳಿ’ ಎನ್ನದಿರೋಣ. ಆಗ ಎರಡನೆಯ ಶತಮಾನಕ್ಕೆ ದೇವಾಲಯ ಮಾತ್ರವಲ್ಲ, ಸಭೆಯೂ ಉಳಿದೀತು. ಸಂತ ಜೋಸೆಫ್ ವಾಜರು ನಮಗಾಗಿ ಪ್ರಾರ್ಥಿಸಲಿ.