ಕಲ್ಯಾಣದ ದಾರಿಯಲ್ಲಿ ‘ಆಂಟೆನಾ’ ಎಂಬ ಪದ

1965ರಲ್ಲಿ ಮುಂಬಯಿ ಬಳಿಯ ಕಲ್ಯಾಣದ ಬಯಲಿನಲ್ಲಿ 32 ಆಂಟೆನಾಗಳು ಸೂರ್ಯನತ್ತ ಮುಖ ಮಾಡಿ ನಿಂತವು. ಒಂದೊಂದು ಬೋಗುಣಿಯ ಅಗಲ ಸುಮಾರು ಆರಡಿ. 24 ಪೂರ್ವ–ಪಶ್ಚಿಮ ಸಾಲಿನಲ್ಲಿ, 8 ಉತ್ತರ–ದಕ್ಷಿಣ ಸಾಲಿನಲ್ಲಿ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗೋವಿಂದ ಸ್ವರೂಪ್ ಮತ್ತು ಸಂಗಡಿಗರು ಕಟ್ಟಿದ ಈ ರೇಡಿಯೋ ದೂರದರ್ಶಕ 610 ಮೆಗಾಹರ್ಟ್ಸ್ ಆವರ್ತಾಂಕದಲ್ಲಿ ಸೂರ್ಯನನ್ನು ಆಲಿಸುತ್ತಿತ್ತು. ಬೋಗುಣಿಗಳು ಮೊದಲು ದುಡಿದದ್ದು ಸಿಡ್ನಿ ಸಮೀಪದ ಪಾಟ್ಸ್ ಹಿಲ್‌ನಲ್ಲಿ. ಆಸ್ಟ್ರೇಲಿಯಾ ಉಡುಗೊರೆಯಾಗಿ ಕೊಟ್ಟ ಅವು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಮೂಲಕ ಇಲ್ಲಿಗೆ ಬಂದವು. ಊಟಿಯ ರೇಡಿಯೋ ದೂರದರ್ಶಕಕ್ಕೂ, ಪುಣೆ ಜಿಲ್ಲೆಯ ಖೋಡದ್‌ನಲ್ಲಿರುವ 45 ಮೀಟರ್ ಅಗಲದ 30 ಬೋಗುಣಿಗಳ ಜಿಎಂಆರ್‌ಟಿ ದೂರದರ್ಶಕಕ್ಕೂ ತಾಯಿಬೇರು ಇದೇ. ದಿನವೂ ಲೋಕಲ್ ರೈಲಿನಲ್ಲಿ ಕಲ್ಯಾಣ ದಾಟುವ ನಮ್ಮ ಕನ್ನಡಿಗರಲ್ಲಿ ಇದನ್ನು ಬಲ್ಲವರು ಕಡಿಮೆ ಎಂಬುದು ನನಗೆ ಬಹುಕಾಲದ ನೋವು.

ಪದದ ಚರಿತ್ರೆ ಹುಡುಕುವವರಿಗೆ ಕಲ್ಯಾಣ ಇನ್ನೊಂದು ಕಾರಣಕ್ಕೂ ಮುಖ್ಯ. ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ಕೃತಿ ‘ಪೆರಿಪ್ಲಸ್’ ಹೆಸರಿಸುವ ‘ಕಲ್ಲಿಯೇನಾ’ ಬಂದರು ಇದೇ. ಬಂದರಿಗೂ ಈ ಪದಕ್ಕೂ ಇರುವ ನಂಟು ಹಡಗಿನದು: ಲ್ಯಾಟಿನ್‌ನಲ್ಲಿ ಆಂಟೆನಾ ಎಂದರೆ ಹಡಗಿನ ಹಾಯಿ ಕಟ್ಟುವ ಅಡ್ಡಮರ. ಗ್ರೀಕರು ಅದೇ ಅಡ್ಡಮರವನ್ನು ‘ಕೆರಾಯಾ’ ಎನ್ನುತ್ತಿದ್ದರು; ಆ ಮಾತಿನ ಬೇರು ಕೊಂಬು. ಅರಿಸ್ಟಾಟಲ್ ಕೀಟಗಳ ತಲೆಯ ಮೇಲಿನ ಎಳೆಗಳಿಗೂ ಅದನ್ನೇ ಬಳಸಿದ್ದ. ಹದಿನೈದನೆಯ ಶತಮಾನದಲ್ಲಿ ಥಿಯೊಡೋರಸ್ ಗಾಜಾ ಆತನ ಪ್ರಾಣಿಗ್ರಂಥಗಳನ್ನು ಲ್ಯಾಟಿನ್‌ಗೆ ತಂದಾಗ, ಎರಡು ಅರ್ಥಗಳ ನಡುವೆ ಕೊಂಬನ್ನು ಬಿಟ್ಟು ಅಡ್ಡಮರವನ್ನು ಆರಿಸಿಕೊಂಡ. ಆ ಅನುವಾದ 1476ರಲ್ಲಿ ವೆನಿಸ್‌ನಲ್ಲಿ ಅಚ್ಚಾಯಿತು. ಜಿರಳೆಯ ಮೀಸೆಗೆ ಹಡಗಿನ ಮರದ ಹೆಸರು ಅಂಟಿಕೊಂಡದ್ದು ಹೀಗೆ. ಇದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಅಡ್ಡಮರದ ತುದಿಗಳನ್ನು ಕೊಂಬುಗಳೆಂದು ಕರೆಯುವ ರೂಢಿ ಲ್ಯಾಟಿನ್‌ನಲ್ಲೂ ಇತ್ತು, ವರ್ಜಿಲ್ ಕೂಡ ಹಾಗೆ ಬಳಸಿದ್ದಾನೆ. ಇಟಾಲಿಯನ್‌ನಲ್ಲಿ ಅದೇ ಪದ ಉದ್ದನೆಯ ಕಂಬಕ್ಕೂ ಸಂದಿತು. ಮಾರ್ಕೋನಿಯ ಕಾಲದಲ್ಲಿ ರೇಡಿಯೋ ತಂತಿಯನ್ನು ಎತ್ತಿಹಿಡಿದ ಕಂಬದಿಂದ ತಂತಿಗೇ ದಾಟಿತು.

ಕನ್ನಡ ಈ ಹಾದಿ ಹಿಡಿಯಲಿಲ್ಲ. ನಮ್ಮ ವಿಜ್ಞಾನ ಬರವಣಿಗೆ ಕೀಟದ ಆಂಟೆನಾವನ್ನು ‘ಕುಡಿಮೀಸೆ’ ಎಂದಿತು, ‘ಸ್ಪರ್ಶಾಂಗ’ ಎಂದೂ ಹೇಳಿತು. ಎರಡನೆಯದು ನನಗೆ ಒಪ್ಪಿತವಲ್ಲ. ಆ ಎಳೆಗಳು ಮುಟ್ಟುವುದಷ್ಟೇ ಅಲ್ಲ, ಮೂಸುತ್ತವೆ ಕೂಡ. ನಮ್ಮ ರಾಮನಗರದ ಸೀಮೆಯವರು ಬಲ್ಲ ರೇಷ್ಮೆ ಪತಂಗದಲ್ಲಿ ಗಂಡು ಹೆಣ್ಣನ್ನು ಹುಡುಕುವುದೇ ಗರಿಯಂಥ ಆ ಎಳೆಗಳು ಹಿಡಿಯುವ ವಾಸನೆಯಿಂದ. ಕುಡಿಮೀಸೆ ಎಂಬ ಮಾತು ಕೆಲಸ ಏನೆಂದು ಹೇಳಹೋಗುವುದಿಲ್ಲ. ಕಂಡದ್ದನ್ನು ಹೇಳುತ್ತದೆ, ಅದಕ್ಕೇ ಸುಳ್ಳಾಗುವುದಿಲ್ಲ. ನೆರೆಯ ಮರಾಠಿಯ ವಿಶ್ವಕೋಶ ಕೀಟಕ್ಕೆ ‘ಶೃಂಗಿಕಾ’ ಎಂದು ಗ್ರೀಕರ ಕೊಂಬಿಗೇ ಮರಳಿದೆ, ರೇಡಿಯೋ ಸಾಧನಕ್ಕೆ ‘ಆಕಾಶಕ’ ಎಂದು ಬೇರೆ ಪದ ಕೊಟ್ಟಿದೆ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಬಾನುಲಿ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೇ ಸಂದಿತು. ಅಂಥ ಪದ ಬಳಕೆಗೆ ತಂದ ನಾಡು ಆ ವಾಣಿಯನ್ನು ಹಿಡಿಯುವ ಕಡ್ಡಿಗೆ ಮಾತ್ರ ಏರಿಯಲ್, ಆಂಟೆನಾ ಎಂಬ ಎರವಲು ಮಾತುಗಳಲ್ಲೇ ನೆಮ್ಮದಿ ಕಂಡಿತು.

ಮುಂಬಯಿ ದೂರದರ್ಶನ 1972ರ ಅಕ್ಟೋಬರ್ 2ರಂದು ಆರಂಭವಾಯಿತು. ವರ್ಳಿಯಲ್ಲಿನ ಅದರ ಪ್ರಸಾರ ಗೋಪುರ ಕಲ್ಯಾಣದ ಪಕ್ಕದ ನಮ್ಮ ಡೊಂಬಿವಲಿಗೆ ನೈರುತ್ಯದಲ್ಲಿ, ಮೂವತ್ತೈದು ಕಿಲೋಮೀಟರಿಗೂ ಆಚೆ, ನಡುವೆ ಪಾರ್ಸಿಕ್ ಗುಡ್ಡಸಾಲು. ಯಾಗಿ ಮತ್ತು ಉಡಾ ಎಂಬ ಜಪಾನೀಯರು 1926ರಲ್ಲಿ ಪ್ರಕಟಿಸಿದ ವಿನ್ಯಾಸದ ಅಲ್ಯೂಮಿನಿಯಂ ಕಡ್ಡಿಗಳು ತಾರಸಿಗಳ ಮೇಲೆ ಅತ್ತಲೇ ತಿರುಗಿದವು. ಅಡ್ಡಗಡ್ಡಿಗಳನ್ನು ಹೊತ್ತ ಆ ಕಂಬವನ್ನು ದೂರದಿಂದ ನೋಡಿದರೆ ಹಾಯಿ ಬಿಚ್ಚಿದ ಹಡಗಿನ ಮರವೇ. ಗಾಳಿಮಳೆಗೆ ಅದು ಸರಿದಾಗ ಒಬ್ಬರು ಮೇಲೆ ಹತ್ತಿ ತಿರುಗಿಸುವುದು, ಕೆಳಗಿನಿಂದ ಮಕ್ಕಳು ಪಕ್ಕದ ಮನೆಗೆ ಮರಾಠಿಯಲ್ಲಿ, ತಮ್ಮ ಮನೆಗೆ ಕನ್ನಡದಲ್ಲೋ ತುಳುವಿನಲ್ಲೋ “ಬಂತು” ಎಂದು ಕೂಗುವುದು. ಆ ಕೂಗಿನಲ್ಲಿ ಎಲ್ಲ ಭಾಷೆಗೂ ಸಮನಾಗಿ ಉಳಿದ ಪದ ಆಂಟೆನಾ ಒಂದೇ.

1994ರಲ್ಲಿ ಉದಯ ಟಿವಿ ಶುರುವಾಯಿತು. ಕನ್ನಡ ಉಪಗ್ರಹದಿಂದ ಬರುವ ಕಾಲ ಬಂತು. ಮುಂದೆ ಮನೆಮನೆಗೆ ಬಂದ ಡಿಟಿಎಚ್ ಬೋಗುಣಿಯನ್ನು ಇಲ್ಲಿನವರು ‘ಛತ್ರಿ’ ಎಂದರು. ವರ್ಳಿಯತ್ತ ನೋಡುತ್ತಿದ್ದ ಕಡ್ಡಿಗಳ ಪಕ್ಕದಲ್ಲೇ ಈ ಛತ್ರಿಗಳು ಆಗ್ನೇಯಕ್ಕೆ ತಿರುಗಿ ಕೂತಿವೆ, ಹೆಚ್ಚುಕಡಿಮೆ ಊರಿನ ಕಡೆಗೆ.