ಉಮ್ಮಮ್ಮ ಓದುತ್ತಿದ್ದ ಕಿತಾಬು

ತಿತಿಮತಿಯ ನಮ್ಮ ಹಳೆಯ ಮನೆಯಲ್ಲಿ ಒಂದು ತಗಡಿನ ಪೆಟ್ಟಿಗೆಯಿದೆ. ಅದರೊಳಗೆ ನಮ್ಮ ಉಮ್ಮಮ್ಮನ ಬಿಳಿಯ ನಮಾಝಿನ ಬಟ್ಟೆ, ಒಂದು ತಸ್ಬೀಹ್ ಹಾಗೂ ಅಂಚು ಸವೆದ ಒಂದು ಕಿತಾಬು ಇವೆ. ಅವರು ಅಲ್ಲಾಹನ ಕರೆಗೆ ಓಗೊಟ್ಟು ವರ್ಷಗಳೇ ಸಂದಿವೆ. ಇಂದು ಆ ಕಿತಾಬನ್ನು ತೆರೆದರೆ ಸರಾಗವಾಗಿ ಓದಬಲ್ಲವರು ಮನೆಯಲ್ಲಿ ಒಬ್ಬರೂ ಇಲ್ಲ.

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ, ಅಂದರೆ 1956ಕ್ಕೆ ಹಿಂದಿನ ದಿನಗಳಲ್ಲಿ, ಉಮ್ಮಮ್ಮ ಮಲಬಾರಿನಿಂದ ಮದುಮಗಳಾಗಿ ಮಾಕುಟ್ಟದ ಘಟ್ಟ ಹತ್ತಿ ಬಂದವರು. ವ್ಯಾಪಾರಕ್ಕಾಗಿ, ತೋಟದ ಕೆಲಸಕ್ಕಾಗಿ ಹೀಗೆ ಘಟ್ಟವೇರಿ ಬಂದ ಮಾಪಿಳ್ಳೆ ಕುಟುಂಬಗಳು ಕೊಡಗಿನಲ್ಲಿ ಅನೇಕ. ಅಜ್ಜ ಕಾಫಿ ತೋಟದಲ್ಲಿ ಮೇಸ್ತ್ರಿಯಾಗಿದ್ದರು. ಕಾಡಿನ ಅಂಚಿನ ಊರು. ಕತ್ತಲಾದರೆ ಆನೆಯ ಭಯ. ಆದರೂ ಗುರುವಾರ ಅಸ್ತಮಿಸಿ ಶುಕ್ರವಾರದ ರಾತ್ರಿ ಆರಂಭವಾಯಿತೆಂದರೆ ನೆರೆಯ ಹೆಂಗಸರು ನಮ್ಮ ಜಗಲಿಗೆ ಬರುತ್ತಿದ್ದರು. ಮಗ್ರಿಬ್ ಮುಗಿಸಿದ ಉಮ್ಮಮ್ಮ ಚಿಮಣಿ ದೀಪದ ಬಳಿ ಕುಳಿತು ಮುಹ್ಯಿದ್ದೀನ್ ಮಾಲೆಯನ್ನು ಹಾಡುತ್ತಿದ್ದರು.

1991ರ ಜನಗಣತಿಯ ಸಮಯ. ಎಣಿಕೆಗೆ ಬಂದವರು, "ಅಜ್ಜಿಗೆ ಓದು ಬರಹ ಬರುತ್ತದೆಯೇ?" ಎಂದು ಕೇಳಿದರು. ಹೈಸ್ಕೂಲಿನಲ್ಲಿದ್ದ ನಾನು ಕ್ಷಣವೂ ಯೋಚಿಸದೆ, "ಇಲ್ಲ" ಎಂದುಬಿಟ್ಟೆ. ಬಾಗಿಲ ಬಳಿ ನಿಂತಿದ್ದ ಉಮ್ಮಮ್ಮ ಏನೂ ಹೇಳಲಿಲ್ಲ. ಅಂದು ರಾತ್ರಿ ಕಿತಾಬನ್ನು ನನ್ನ ಮುಂದಿಟ್ಟು, "ಮೋನೆ, ಕಣ್ಣು ಮಂಜಾಗಿದೆ, ನೀನು ಓದು" ಎಂದರು. ಮದ್ರಸದಲ್ಲಿ ಆ ಅಕ್ಷರಗಳನ್ನು ಕಲಿತಿದ್ದರೂ ಹಳೆಯ ಪದಗಳ ಎದುರು ನಾನು ತೊದಲಿದೆ. ನಾನು ಎಲ್ಲೆಲ್ಲಿ ನಿಂತೆನೋ ಅಲ್ಲಿಂದ ಅವರು ಕಣ್ಣು ಮುಚ್ಚಿ ಮುಂದುವರಿಸಿದರು. ಆ ನಾಚಿಕೆ ಇಂದಿಗೂ ನನ್ನಲ್ಲಿ ಉಳಿದಿದೆ.

ಜನಗಣತಿಯ ನಿಯಮದಂತೆ ಓದಲು ಬಂದು ಬರೆಯಲು ಬಾರದವರು ಸಾಕ್ಷರರಲ್ಲ. ಉಮ್ಮಮ್ಮನಿಗೆ ಬರೆಯಲು ಬರುತ್ತಿರಲಿಲ್ಲ. ಕಾಗದಪತ್ರಗಳಿಗೆ ಹೆಬ್ಬೆಟ್ಟನ್ನೇ ಒತ್ತುತ್ತಿದ್ದರು. ಆದ್ದರಿಂದ ದಾಖಲೆ ನಿಯಮಕ್ಕೆ ತಪ್ಪಿರಲಿಲ್ಲ. ಆದರೆ ನಾನು "ಇಲ್ಲ" ಎಂದದ್ದು ನಿಯಮವನ್ನು ತಿಳಿದಲ್ಲ. ಅವರ ಓದನ್ನು ನಾನು ಓದೆಂದೇ ಎಣಿಸಿರಲಿಲ್ಲ.

ಆ ಓದಿಗೆ ಶತಮಾನಗಳ ಚರಿತ್ರೆಯಿದೆ. ಅರಬಿ-ಮಲಯಾಳವೆಂದರೆ ಮಲಯಾಳ ಭಾಷೆಯನ್ನು ಅರಬಿ ಲಿಪಿಯಲ್ಲಿ ಬರೆಯುವ ಪದ್ಧತಿ. ಅರಬಿಯಲ್ಲಿಲ್ಲದ ಪ, ಚ, ಳ ಮುಂತಾದ ಧ್ವನಿಗಳಿಗಾಗಿ ಇರುವ ಅಕ್ಷರಗಳಿಗೇ ಚುಕ್ಕೆ, ಗುರುತುಗಳನ್ನು ಸೇರಿಸಿಕೊಂಡರು. ಕಲ್ಲಿಕೋಟೆಯ ಖಾಝಿ ಮುಹಮ್ಮದರು 1607ರಲ್ಲಿ ರಚಿಸಿದ ಮುಹ್ಯಿದ್ದೀನ್ ಮಾಲೆಯೇ ಈ ಲಿಪಿಯಲ್ಲಿ ದೊರೆತ ಕೃತಿಗಳಲ್ಲಿ ಕಾಲ ತಿಳಿದಿರುವ ಅತ್ಯಂತ ಹಳೆಯದು. ಬಗ್ದಾದಿನ ಶೈಖ್ ಅಬ್ದುಲ್ ಖಾದಿರ್ ಜೀಲಾನಿಯವರ ಜೀವನವೇ ಅದರ ವಸ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ತಲಶ್ಶೇರಿ, ಪೊನ್ನಾನಿ, ತಿರೂರಂಗಾಡಿಗಳ ಮುದ್ರಣಾಲಯಗಳು ಇಂತಹ ಕಿತಾಬುಗಳನ್ನು ಅಚ್ಚು ಹಾಕತೊಡಗಿದ ಮೇಲೆ ಅವು ಮನೆಮನೆಯ ಹೆಂಗಸರ ಕೈಗೆ ಬಂದವು. ಕುರ್‌ಆನ್ ಓದಲು ಕಲಿತ ಹುಡುಗಿಗೆ ಅದೇ ಲಿಪಿಯಲ್ಲಿ ತನ್ನ ಮನೆಮಾತೂ ತೆರೆದುಕೊಳ್ಳುತ್ತಿತ್ತು.

ಹೆರಿಗೆಯ ಮನೆಗಳಿಂದ ಉಮ್ಮಮ್ಮನಿಗೆ ಕರೆ ಬರುತ್ತಿತ್ತು. ನೋವಿನಲ್ಲಿರುವವಳ ಬಳಿ ಕುಳಿತು ಅವರು ನಫೀಸತ್ ಮಾಲೆಯನ್ನು ಹಾಡುತ್ತಿದ್ದರು. ಅದರಲ್ಲಿ ಸ್ಮರಿಸಲ್ಪಡುವ ಸಯ್ಯಿದಾ ನಫೀಸಾ(ರ) ಪ್ರವಾದಿವರ್ಯರ(ಸ) ಮೊಮ್ಮಗ ಹಸನರ(ರ) ಮರಿಮೊಮ್ಮಗಳು. ಹಿಜರಿ 145ರಲ್ಲಿ ಮಕ್ಕಾದಲ್ಲಿ ಜನಿಸಿ, 208ರಲ್ಲಿ ಈಜಿಪ್ಟಿನಲ್ಲಿ ಮರಣ ಹೊಂದಿದರು. ಇಮಾಮ್ ಶಾಫಿಈಯವರು ಅವರಲ್ಲಿಗೆ ಹೋಗಿ ದುಆ ಕೋರುತ್ತಿದ್ದರೆಂದೂ, ಹಿಜರಿ 204ರಲ್ಲಿ ಇಮಾಮರು ತೀರಿಕೊಂಡಾಗ ಜನಾಝವನ್ನು ಅವರ ಮನೆಗೆ ತಂದು, ಅವರು ನಮಾಝ್ ನಿರ್ವಹಿಸಿದರೆಂದೂ ಚರಿತ್ರಕಾರರು ಹೇಳುತ್ತಾರೆ. ನಾವು ಮಾಪಿಳ್ಳೆಗಳು ಯಾರ ಮದ್‌ಹಬನ್ನು ಅನುಸರಿಸುತ್ತೇವೆಯೋ ಆ ಇಮಾಮರೇ ಒಬ್ಬ ಮಹಿಳೆಯ ಇಲ್ಮನ್ನು ಹಾಗೆ ಗೌರವಿಸಿದರು. ನಾನೋ, ನನ್ನ ಮನೆಯ ದೀಪದ ಬಳಿ ಕುಳಿತಿದ್ದವರನ್ನೇ ಗುರುತಿಸದೆ ಹೋದೆ.

ಮನುಷ್ಯನು ಮರಣ ಹೊಂದಿದ ಮೇಲೂ ಮೂರು ವಿಷಯಗಳ ಪ್ರತಿಫಲ ನಿಲ್ಲದೆಂದು ಹದೀಸ್ ಕಲಿಸುತ್ತದೆ: ಹರಿಯುತ್ತಿರುವ ದಾನ, ಉಪಯುಕ್ತವಾದ ಜ್ಞಾನ, ದುಆ ಮಾಡುವ ಸಂತಾನ. ದುಆ ಮಾಡುತ್ತಿದ್ದೇವೆ. ಅವರ ಜ್ಞಾನವನ್ನು ಉಳಿಸುವ ಹೊಣೆ ಮಾತ್ರ ಬಾಕಿಯಿತ್ತು. ಕಳೆದ ರಮಳಾನಿನಲ್ಲಿ ವಯೋವೃದ್ಧ ಉಸ್ತಾದರೊಬ್ಬರ ಬಳಿ ಆ ಕಿತಾಬನ್ನು ಕೊಂಡೊಯ್ದೆ. ಅವರು ಓದಿದರು, ನನ್ನ ಮಗಳು ಕನ್ನಡ ಲಿಪಿಯಲ್ಲಿ ಬರೆದುಕೊಂಡಳು. ಒಂದು ಪುಟದ ಅಂಚಿನಲ್ಲಿ ದೀಪದೆಣ್ಣೆಯ ಕಲೆಯಿತ್ತು. ಅದನ್ನೂ ಅವಳು ತನ್ನ ಪುಸ್ತಕದಲ್ಲಿ ಗುರುತು ಹಾಕಿಕೊಂಡಳು.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿ ಇಂದಿಗೂ ಒಬ್ಬ ಉಮ್ಮಮ್ಮ ಇದ್ದರೆ, ಇಂದೇ ಅವರ ಬಳಿ ಕುಳಿತುಕೊಳ್ಳಿ. ಅವರಿಗೆ ಏನು ಬರುವುದಿಲ್ಲವೆಂದು ಕೇಳಬೇಡಿ. ಏನು ಬರುತ್ತದೆಂದು ಕೇಳಿ.

ಅಲ್ಲಾಹನು ನಮ್ಮ ಉಮ್ಮಮ್ಮನ ಖಬ್ರನ್ನು ಪ್ರಕಾಶಮಯಗೊಳಿಸಲಿ, ನನ್ನ ಆ ಒಂದು ಮಾತನ್ನು ಕ್ಷಮಿಸಲಿ. ಆಮೀನ್.