ತಕ್ಕಡಿ ಹತ್ತಿದವರ ಕತೆ: ಮಾರ್ಕ್ ಹಂಟರ್ ಮತ್ತು ಲೈಟ್‌ವೇಟ್ ರೋಯಿಂಗ್

ಒಲಿಂಪಿಕ್ಸ್‌ನಲ್ಲಿ ಲೈಟ್‌ವೇಟ್ ರೋಯಿಂಗ್ 1996ರ ಅಟ್ಲಾಂಟಾದಲ್ಲಿ ಶುರುವಾಯಿತು, 2024ರ ಪ್ಯಾರಿಸ್‌ನಲ್ಲಿ ಮುಗಿದೇ ಹೋಯಿತು. ಲಾಸ್ ಏಂಜಲೀಸ್ 2028ರಲ್ಲಿ ಅದರ ಬದಲು ಕಡಲ ತೀರದ ಬೀಚ್ ಸ್ಪ್ರಿಂಟ್ ಬರುತ್ತಿದೆ. ಈ ವಿಭಾಗ ಏನು ಕೊಟ್ಟಿತು, ಏನು ಕೇಳಿತು ಅನ್ನೋದಕ್ಕೆ ಬ್ರಿಟನ್ನಿನ ಮಾರ್ಕ್ ಹಂಟರ್ ಒಳ್ಳೆಯ ಉದಾಹರಣೆ.

ಏನಿದು ಲೈಟ್‌ವೇಟ್?

ರೋಯಿಂಗ್‌ನಲ್ಲಿ ಎತ್ತರ, ದಪ್ಪ ಮೈಕಟ್ಟಿನವರದ್ದೇ ಮೇಲುಗೈ. ಹಾಗಾಗಿ ಸಣ್ಣ ಮೈಯವರಿಗೂ ಅವಕಾಶ ಸಿಗಲಿ ಅಂತ ತೂಕದ ಮಿತಿ ಬಂತು. ಪುರುಷರಲ್ಲಿ ಯಾರೂ 72.5 ಕೆ.ಜಿ. ಮೀರುವಂತಿಲ್ಲ, ತಂಡದ ಸರಾಸರಿ 70 ದಾಟುವಂತಿಲ್ಲ. ಮಹಿಳೆಯರಿಗೆ ಇದು 59 ಮತ್ತು 57. ಸ್ಪರ್ಧೆಗೆ ಒಂದೆರಡು ಗಂಟೆ ಮುಂಚೆ ತೂಕ ನೋಡುತ್ತಾರೆ. ಅಂದರೆ ಹಸಿದು, ಬಾಯಾರಿ ತಕ್ಕಡಿ ಹತ್ತಿ, ಕೂಡಲೇ ಸುಧಾರಿಸಿಕೊಂಡು 2,000 ಮೀಟರ್ ಹುಟ್ಟು ಹಾಕಬೇಕು.

ಸೋಲಿನಿಂದ ಚಿನ್ನಕ್ಕೆ

1978ರಲ್ಲಿ ಹುಟ್ಟಿದ ಹಂಟರ್ ಪೂರ್ವ ಲಂಡನ್‌ನ ಹುಡುಗ. ಥೇಮ್ಸ್ ದಂಡೆಯ ಪಾಪ್ಲರ್ ಬ್ಲ್ಯಾಕ್‌ವಾಲ್ ಕ್ಲಬ್‌ನಲ್ಲಿ ಪಳಗಿದವರು. 2004ರ ಅಥೆನ್ಸ್‌ನಲ್ಲಿ ನಾಲ್ವರ ದೋಣಿಯಲ್ಲಿದ್ದರು, ಪದಕದ ಹತ್ತಿರಕ್ಕೂ ಬರಲಿಲ್ಲ. ಆಮೇಲೆ ತಮಗಿಂತ ಎಂಟು ವರ್ಷ ಚಿಕ್ಕವರಾದ ಜ್ಯಾಕ್ ಪರ್ಚೇಸ್ ಜೊತೆ ಡಬಲ್ ಸ್ಕಲ್ಸ್‌ಗೆ ಬಂದರು. 2008ರ ಬೀಜಿಂಗ್‌ನಲ್ಲಿ ಇಬ್ಬರೂ ಚಿನ್ನ ಗೆದ್ದರು. ಒಲಿಂಪಿಕ್ಸ್‌ನ ಲೈಟ್‌ವೇಟ್ ವಿಭಾಗದಲ್ಲಿ ಬ್ರಿಟನ್‌ಗೆ ಅದೇ ಮೊದಲ ಚಿನ್ನ.

ದಡದ ಮೇಲಿನ ಪಾಠ

ಗೆದ್ದ ಮೇಲೆ ಹಂಟರ್ ದೋಣಿಗೆ ಬಿಡುವು ಕೊಟ್ಟು ಕ್ಯಾಲಿಫೋರ್ನಿಯಾಕ್ಕೆ ಹೋದರು. ಯುಸಿಎಲ್‌ಎ ವಿಶ್ವವಿದ್ಯಾಲಯದ ಮಹಿಳಾ ತಂಡಕ್ಕೆ ತರಬೇತಿ ಕೊಟ್ಟರು. ಲೈಟ್‌ವೇಟ್ ಆಟಗಾರರಿಗೆ ಕೋಚಿಂಗ್ ಒಗ್ಗುವುದರಲ್ಲಿ ಆಶ್ಚರ್ಯವಿಲ್ಲ. ಎಲ್ಲರ ತೂಕವೂ ಒಂದೇ ಆದಾಗ ಗೆಲುವಿನ ವ್ಯತ್ಯಾಸ ಉಳಿಯುವುದು ಕೌಶಲದಲ್ಲಿ, ಜೊತೆಗಾರನ ಲಯಕ್ಕೆ ಹೊಂದಿಕೊಳ್ಳುವುದರಲ್ಲಿ. ಕಲಿಸೋಕೆ ಬರೋದೂ ಅದೇ ತಾನೇ.

ವಾಪಸ್ ಬಂದವರು ಪರ್ಚೇಸ್ ಜೊತೆ 2010 ಮತ್ತು 2011ರಲ್ಲಿ ವಿಶ್ವ ಚಾಂಪಿಯನ್ ಆದರು. 2012ರ ಲಂಡನ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಶುರುವಿನಲ್ಲೇ ಪರ್ಚೇಸ್ ಅವರ ಸೀಟು ಮುರಿಯಿತು. ಮೊದಲ 100 ಮೀಟರ್ ಒಳಗೆ ಸಲಕರಣೆ ಕೈಕೊಟ್ಟರೆ ಓಟ ನಿಲ್ಲಿಸಬಹುದು ಅನ್ನೋ ನಿಯಮದಂತೆ ಮತ್ತೆ ಆರಂಭವಾಯಿತು. ಕೊನೆಗೆ ಡೆನ್ಮಾರ್ಕ್ 0.61 ಸೆಕೆಂಡ್‌ನಲ್ಲಿ ಗೆದ್ದಿತು. ನಿಲ್ಲಲೂ ಆಗದ ಹಂಟರ್ ಟೀವಿ ಕ್ಯಾಮೆರಾ ಮುಂದೆ ಕ್ಷಮೆ ಕೇಳಿದರು. ಬೆಳ್ಳಿ ಗೆದ್ದವರು ಕ್ಷಮೆ ಕೇಳುವಷ್ಟು ಭಾರ ಆ ದಿನ ಅವರ ಮೇಲಿತ್ತು.

ನಮಗ್ಯಾಕೆ ಇದು?

ಟೋಕಿಯೊದಲ್ಲಿ ಭಾರತದ ಅರ್ಜುನ್ ಲಾಲ್ ಜಾಟ್ ಮತ್ತು ಅರವಿಂದ್ ಸಿಂಗ್ ಇದೇ ಲೈಟ್‌ವೇಟ್ ಡಬಲ್ ಸ್ಕಲ್ಸ್‌ನಲ್ಲಿ 11ನೇ ಸ್ಥಾನ ಪಡೆದರು. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ತಂದರು. ಸರಾಸರಿ ಮೈಕಟ್ಟಿನ ದೇಶಗಳಿಗೆ ಈ ವಿಭಾಗ ಒಂದು ಬಾಗಿಲಾಗಿತ್ತು.

ತೂಕ ಇಳಿಸಲು ಆಟಗಾರರು ದೇಹವನ್ನು ದಂಡಿಸಿಕೊಳ್ಳುತ್ತಾರೆ ಎಂಬ ಟೀಕೆಯಲ್ಲಿ ಹುರುಳಿದೆ. ಆದರೆ ತಕ್ಕಡಿಯನ್ನು ತೆಗೆದ ಮಾತ್ರಕ್ಕೆ ನ್ಯಾಯ ಸಿಗುವುದಿಲ್ಲ. ಇನ್ನು ಮೇಲೆ 70 ಕೆ.ಜಿ. ಹುಡುಗ 2,000 ಮೀಟರ್ ಒಲಿಂಪಿಕ್ಸ್ ಪದಕ ಬೇಕೆಂದರೆ 95 ಕೆ.ಜಿ. ಆಳಿನ ಪಕ್ಕದಲ್ಲೇ ಹುಟ್ಟು ಹಾಕಬೇಕು. ಅವನಿಗೆ ಏನು ಹೇಳಿಕೊಡಬೇಕು ಅನ್ನೋದು ಈಗ ಕೋಚ್‌ಗಳ ಮುಂದಿರುವ ಪ್ರಶ್ನೆ.